ಟೋಕನ್ ಕೊಡುವ ಮೊದಲಿನ ಪ್ರಾರ್ಥನೆ

ಮೇ ತಿಂಗಳ ಕೊನೆಗೆ ಒಂದು ರಾತ್ರಿ ಬಾವನ ಫೋನ್ ಬಂತು. ಬಜ್ಪೆ ದಾಟಿ ಕಟೀಲಿಗೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ, ಮೂವತ್ತೆರಡು ಸೆಂಟ್ಸ್ ಜಾಗ ನೋಡಿದ್ದಾರೆ. ಹಳೆಯ ಹಂಚಿನ ಮನೆ, ಮುರಕಲ್ಲಿನ ಕಟ್ಟೆಯ ಬಾವಿ, ಏಳೆಂಟು ತೆಂಗು. “ನಾಳೆ ಬೆಳಿಗ್ಗೆ ಟೋಕನ್ ಕೊಡ್ಲಿಕ್ಕುಂಟು. ನೀವೆಲ್ಲ ಸ್ವಲ್ಪ ಪ್ರಾರ್ಥನೆ ಮಾಡಿ. ದೇವರ ಚಿತ್ತ ಇದ್ರೆ ಆಗ್ತದೆ.” ಟೋಕನ್ ಅಂದರೆ ಮುಂಗಡ ಹಣ. ಎರಡು ಲಕ್ಷದ ಚೆಕ್ ಬರೆದು, ಕವರಿಗೆ ಹಾಕಿ, ಅಕ್ಕನ ಪ್ರಾರ್ಥನೆ ಪುಸ್ತಕದ ನಡುವೆ ಇಟ್ಟಾಗಿದೆಯಂತೆ. ಇಪ್ಪತ್ತೆರಡು ವರ್ಷ ಕುವೈತ್‌ನಲ್ಲಿ ದುಡಿದ ದುಡ್ಡು ಅದು.

ಆಯ್ತು ಅಂದೆ. ಫೋನ್ ಇಟ್ಟು ಮೊಣಕಾಲೂರಿದೆ, ಆದರೆ ಬಾಯಿಗೆ ಮಾತೇ ಬರಲಿಲ್ಲ. ಏನಂತ ಕೇಳುವುದು? ಜಾಗ ಆರಿಸಿಯಾಗಿದೆ, ರೇಟು ಮಾತಾಡಿಯಾಗಿದೆ, ಚೆಕ್ಕಿಗೆ ರುಜು ಬಿದ್ದಿದೆ. ಬಾಕಿ ಇದ್ದದ್ದು ದೇವರ ರುಜು ಒಂದೇ.

ನಾನು ಹತ್ತೊಂಬತ್ತು ವರ್ಷ ಒಂದು ಸಹಕಾರಿ ಸಂಸ್ಥೆಯಲ್ಲಿ ಸಾಲದ ಮೇಜಿನ ಹಿಂದೆ ಕೂತವ. ಬಿಕರ್ನಕಟ್ಟೆಯ ಬಾಲ ಯೇಸುವಿನ ನೊವೇನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಮುಗಿಸಿ ನೇರ ನಮ್ಮ ಕೌಂಟರಿಗೆ ಬಂದವರನ್ನು ಕಂಡಿದ್ದೇನೆ. ಅತ್ತೂರಿನ ಸಂತ ಲಾರೆನ್ಸರ ಹಬ್ಬದಿಂದ ತಂದ ಮೇಣದಬತ್ತಿಯ ತುಂಡು ಅರ್ಜಿಯ ಫೈಲಿನಿಂದ ಕೆಳಗೆ ಬಿದ್ದದ್ದನ್ನು ನಾನೇ ಎತ್ತಿ ಕೊಟ್ಟಿದ್ದೇನೆ. ನಮ್ಮದು ಬಲ್ಮಠದ ಕಡೆಯ ಸಿಎಸ್‌ಐ ಸಭೆ, ಅಂದರೆ ಪ್ರೊಟೆಸ್ಟಂಟರು. ಅಕ್ಕನನ್ನು ಕೊಟ್ಟದ್ದು ಕೊಂಕಣಿ ಕ್ಯಾಥೊಲಿಕರ ಮನೆಗೆ. ಹಾಗಾಗಿ ಎರಡೂ ಕಡೆಯ ಅಭ್ಯಾಸ ಗೊತ್ತು. ನಾವು ಕಣ್ಣುಮುಚ್ಚಿ ಮನಸ್ಸಿಗೆ ಬಂದ ಮಾತಿನಲ್ಲಿ ಪ್ರಾರ್ಥಿಸುತ್ತೇವೆ, ಅವರು ಸಂಜೆ ಕೂತು ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಹೇಳುತ್ತಾರೆ. ದುಡ್ಡಿನ ವಿಷಯ ಬಂದಾಗ ಮಾತ್ರ ಇಬ್ಬರೂ ಕೇಳುವುದು ಒಂದೇ: ಕರ್ತನೇ, ಒಂದು ಗುರುತು ಕೊಡು.

ಹಾಗಾದರೆ ದೊಡ್ಡ ಮೊತ್ತಕ್ಕೆ ಕೈ ಹಾಕುವ ಮುಂಚೆ ಕ್ರೈಸ್ತರು ಮಾಡುವ ಪ್ರಾರ್ಥನೆ ನಿಜವಾಗಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ? ನನಗೆ ತಿಳಿದಷ್ಟು ಬಿಡಿಸಿ ಹೇಳುತ್ತೇನೆ.

ಕಟ್ಟಪುಣಿಯೋ, ಗದ್ದೆಯೋ

“ದೇವರ ಚಿತ್ತ” ಎಂಬ ಮಾತನ್ನು ನಮ್ಮವರು ಎರಡು ಅರ್ಥದಲ್ಲಿ ಬಳಸುತ್ತಾರೆ, ಎರಡನ್ನೂ ಕಲಸಿಬಿಡುತ್ತಾರೆ. ಒಂದು ಅರ್ಥದಲ್ಲಿ ದೇವರ ಚಿತ್ತ ಗದ್ದೆಯ ಕಟ್ಟಪುಣಿಯ, ಅಂದರೆ ಬದುವಿನ, ಹಾಗೆ. ಕತ್ತಲೆಯಲ್ಲಿ ಅದರ ಮೇಲೇ ನಡೆಯಬೇಕು, ಕಾಲು ಅರ್ಧ ಅಡಿ ಜಾರಿದರೆ ಕೆಸರು. ನನಗೆ ಅಂತ ಒಂದೇ ಜಾಗ, ಒಂದೇ ಮನೆ, ಒಂದೇ ಕೆಲಸವನ್ನು ದೇವರು ಬರೆದಿಟ್ಟಿದ್ದಾನೆ, ಅದನ್ನು ಹುಡುಕಿ ಹಿಡಿಯದಿದ್ದರೆ ಬದುಕೇ ತಪ್ಪಿತು. ಹೀಗೆ ನಂಬಿದವರ ಪ್ರಾರ್ಥನೆಯಲ್ಲಿ ಹೆದರಿಕೆ ಜಾಸ್ತಿ.

ಇನ್ನೊಂದು ಅರ್ಥದಲ್ಲಿ ದೇವರ ಚಿತ್ತವೆಂದರೆ ಗದ್ದೆಯೇ. ಸುತ್ತ ಇರುವ ಪುಣಿಗಳು ಆಜ್ಞೆಗಳು: ಸುಳ್ಳು ಹೇಳಬೇಡ, ಕದಿಯಬೇಡ, ನೆರೆಯವನ ಮನೆಗೆ ಆಸೆಪಡಬೇಡ. ಒಳಗೆ ಏನು ಬೆಳೆಯುತ್ತೀ ಎಂಬುದು ನಿನ್ನ ವಿವೇಕಕ್ಕೆ ಬಿಟ್ಟದ್ದು. ಯಾಕೋಬನ ಪತ್ರದ ಮೊದಲ ಅಧ್ಯಾಯದಲ್ಲಿ ಜ್ಞಾನ ಕಡಿಮೆಯಾದವನು ದೇವರನ್ನು ಕೇಳಲಿ, ಆತನು ಧಾರಾಳವಾಗಿ ಕೊಡುತ್ತಾನೆ ಎಂದಿದೆ. ಕೊಡುವುದು ಜ್ಞಾನ. ಸರ್ವೆ ನಂಬರ್ ಹೇಳುತ್ತಾನೆ ಅಂತ ಯಾಕೋಬ ಬರೆದಿಲ್ಲ.

ನಾನು ಎರಡನೆಯ ಅರ್ಥದ ಕಡೆಗೆ ವಾಲುವವನು. ಅದಕ್ಕೆ ಕಾರಣ ದೇವಶಾಸ್ತ್ರಕ್ಕಿಂತ ನನ್ನ ನೌಕರಿ. ಪ್ರಾರ್ಥನೆಯ ಅಗತ್ಯವೇ ಇಲ್ಲದ ವಿಷಯಕ್ಕೆ ಜನ ಉಪವಾಸ ಮಾಡುವುದನ್ನು ನೋಡಿದ್ದೇನೆ. ಅಪ್ಪನ ಜಾಗದಲ್ಲಿ ತಂಗಿಯ ಪಾಲು ಕೊಡಬೇಕೋ ಬೇಡವೋ ಅಂತ ಒಂದು ಕುಟುಂಬ ವಾರಗಟ್ಟಲೆ ದೇವರನ್ನು ಕೇಳಿತು. ಅಪ್ಪ ವಿಲ್ ಬರೆಯದೆ ತೀರಿಕೊಂಡಿದ್ದರು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಹಾಗಿದ್ದಾಗ ಕ್ರೈಸ್ತರಲ್ಲಿ ಗಂಡು ಹೆಣ್ಣು ಮಕ್ಕಳಿಗೆ ಸಮಪಾಲು. ಅದನ್ನು ಕೊಟ್ಟು ಬಂದು ಆಮೇಲೆ ಮೊಣಕಾಲೂರಬೇಕಿತ್ತು, ಅಷ್ಟೆ. ಇನ್ನು ಕೆಲವರಿಗೆ ದೇವರ ಗೈಡೆನ್ಸ್ ಬೇಕು, ರಿಜಿಸ್ಟ್ರೇಷನ್ ಮಾತ್ರ ಸರ್ಕಾರದ ಗೈಡೆನ್ಸ್ ವ್ಯಾಲ್ಯೂಗೆ, ಅಂದರೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆಗೆ, ಉಳಿದದ್ದು ಕಪ್ಪುಹಣ. ಇಲ್ಲೆಲ್ಲ ಪುಣಿ ಎಲ್ಲಿದೆ ಅಂತ ಹಗಲಿನಷ್ಟು ಸ್ಪಷ್ಟ.

ಉಣ್ಣೆ, ಚೀಟಿ, ವಾಗ್ದಾನದ ಕಾರ್ಡು

ಗುರುತು ಕೇಳುವವರು ಗಿದ್ಯೋನನನ್ನು ಸಾಕ್ಷಿಗೆ ಕರೆಯುತ್ತಾರೆ. ನ್ಯಾಯಸ್ಥಾಪಕರು 6ನೇ ಅಧ್ಯಾಯ: ಅವನು ಕಣದಲ್ಲಿ ಕುರಿಯ ಉಣ್ಣೆ ಹಾಸಿಟ್ಟ. ಒಂದು ರಾತ್ರಿ ಉಣ್ಣೆ ಮಾತ್ರ ಒದ್ದೆಯಾಗಲಿ, ನೆಲ ಒಣಗಿರಲಿ ಅಂದ, ಹಾಗೇ ಆಯಿತು. ಮರುದಿನ ತಿರುವಿ ಕೇಳಿದ, ಉಣ್ಣೆ ಒಣಗಿರಲಿ, ನೆಲ ಒದ್ದೆಯಾಗಲಿ. ಅದೂ ಆಯಿತು. ಆದರೆ ಅವನಿಗೆ ಏನು ಮಾಡಬೇಕು ಅಂತ ಮೊದಲೇ ಅಪ್ಪಣೆಯಾಗಿತ್ತು. ಉಣ್ಣೆ ಹಾಸಿದ್ದು ದಾರಿ ತಿಳಿಯಲಿಕ್ಕಲ್ಲ, ತಿಳಿದ ದಾರಿಗೆ ಹೆದರಿ. ದೇವರು ಅವನ ಹೆದರಿಕೆಗೆ ಮರುಗಿದ ಕಥೆಯನ್ನು ನಾವು ಜಾಗ ಆರಿಸುವ ವಿಧಾನ ಮಾಡಿಕೊಂಡಿದ್ದೇವೆ.

ಮಂಗಳೂರಿನ ಉಣ್ಣೆ ಯಾವುದು ಗೊತ್ತೇ? ಬ್ಯಾಂಕಿನ ಸ್ಯಾಂಕ್ಷನ್. “ಲೋನ್ ಪಾಸಾದ್ರೆ ದೇವರ ಚಿತ್ತ, ಇಲ್ಲದಿದ್ರೆ ಇಲ್ಲ” ಎಂಬ ಮಾತು ನನ್ನ ಮೇಜಿನ ಎದುರು ಎಷ್ಟು ಸಲ ಕೇಳಿದ್ದೇನೋ. ಸಾಲ ಹೇಗೆ ಪಾಸಾಗುತ್ತದೆ ಅಂತ ಬಲ್ಲವ ನಾನು. ಸಂಬಳದ ಸ್ಲಿಪ್ಪು, ಸಿಬಿಲ್ ಸ್ಕೋರ್, ಅಡವಿನ ಬೆಲೆ, ಮತ್ತೆ ವರ್ಷದ ಟಾರ್ಗೆಟ್. ಮಾರ್ಚ್ ಕೊನೆಯ ವಾರದಲ್ಲಿ ನಮ್ಮ ಶಾಖೆಯಲ್ಲಿ ದೇವರ ಚಿತ್ತ ಸ್ವಲ್ಪ ಜಾಸ್ತಿಯೇ ಆಗುತ್ತಿತ್ತು.

ವಾಗ್ದಾನದ ಕಾರ್ಡಿನದೂ ಅದೇ ಕಥೆ. ಡಿಸೆಂಬರ್ 31ರ ರಾತ್ರಿ ಆರಾಧನೆಯ ಕೊನೆಗೆ ತಟ್ಟೆಯಲ್ಲಿ ಸಣ್ಣ ಸಣ್ಣ ಕಾರ್ಡು ಬರುತ್ತದೆ, ಒಬ್ಬೊಬ್ಬರು ಒಂದೊಂದು ಎತ್ತುತ್ತಾರೆ. ಚಂದದ ಸಂಪ್ರದಾಯ, ನಾನೂ ಎತ್ತುತ್ತೇನೆ. ಒಬ್ಬರಿಗೆ ಯೆಹೋಶುವ 1:3 ಸಿಕ್ಕಿತು, ಕಾಲಿಟ್ಟ ಜಾಗವನ್ನೆಲ್ಲ ಕೊಟ್ಟಿದ್ದೇನೆ ಎಂಬ ವಚನ. ಜನವರಿಯಲ್ಲಿ ಅವರು ಎರಡು ಸೈಟಿಗೆ ಅಡ್ವಾನ್ಸ್ ಕೊಟ್ಟರು. ಆ ಮಾತು ಹೇಳಿದ್ದು ಯೊರ್ದನ್ ಹೊಳೆ ದಾಟಲು ನಿಂತ ಯೆಹೋಶುವನಿಗೆ. ಮಾತಿನ ಮಾಲೀಕನನ್ನು ಬಿಟ್ಟು ಮಾತನ್ನು ಮಾತ್ರ ಎತ್ತಿಕೊಂಡರೆ ಕಣಿ ಕೇಳುವುದಕ್ಕೂ ಬೈಬಲ್ ತೆರೆಯುವುದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಚೀಟಿ ಹಾಕುವುದು ಬೈಬಲ್‌ನಲ್ಲೇ ಇದೆಯಲ್ಲ ಅಂತ ಕೇಳುವವರಿದ್ದಾರೆ. ಇದೆ. ಯೇಸುವನ್ನು ಹಿಡಿದುಕೊಟ್ಟ ಯೂದನ ಬದಲಿಗೆ ಶಿಷ್ಯರು ಮತ್ತೀಯನನ್ನು ಆರಿಸಿದ್ದು ಹಾಗೇ. ಆದರೆ ಚೀಟಿಗೆ ಮೊದಲು ಅವರು ಯೋಗ್ಯತೆ ನೋಡಿ ಇಬ್ಬರನ್ನು ನಿಲ್ಲಿಸಿದ್ದರು. ಪವಿತ್ರಾತ್ಮ ಇಳಿದು ಬಂದ ಪೆಂತೆಕೊಸ್ತ್ ದಿನದ ನಂತರ ಶಿಷ್ಯರು ಚೀಟಿ ಹಾಕಿದ ಸುದ್ದಿ ಅಪೊಸ್ತಲರ ಕೃತ್ಯಗಳಲ್ಲಿ ಮತ್ತೆ ಬರುವುದಿಲ್ಲ. ಅಲ್ಲಿಂದ ಮುಂದೆ ಕೂತು ಮಾತಾಡುತ್ತಾರೆ, ಜಗಳವನ್ನೂ ಆಡುತ್ತಾರೆ.

ಯೆರೆಮೀಯನ ಜಾಗದ ವ್ಯವಹಾರ

ಹಳೆಯ ಒಡಂಬಡಿಕೆಯಲ್ಲಿ ಒಂದು ಜಾಗದ ಖರೀದಿ ಇದೆ. ಸಾಲದ ವಿಭಾಗದವನಿಗೆ ಅದನ್ನು ಓದಿದಷ್ಟೂ ಸಾಲದು. ಯೆರೆಮೀಯನ ಗ್ರಂಥ, 32ನೇ ಅಧ್ಯಾಯ.

ಕ್ರಿ.ಪೂ. 587ರ ಸುಮಾರು. ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಊರು ಬೀಳುತ್ತದೆ ಅಂತ ಸಾರಿದ್ದಕ್ಕೆ ಪ್ರವಾದಿ ಯೆರೆಮೀಯ ಅರಮನೆಯ ಕಾವಲಿನ ಅಂಗಳದಲ್ಲಿ ಸೆರೆಯಾಗಿದ್ದಾನೆ. ಆಗ ಅವನಿಗೆ ದೇವರ ಮಾತು ಬರುತ್ತದೆ: ನಿನ್ನ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನ ಹೊಲವನ್ನು ಕೊಂಡುಕೋ ಎನ್ನುತ್ತಾನೆ. ಹನಮೇಲ ಬಂದ, ಅದೇ ಮಾತು ಹೇಳಿದ. ಆಗ ಇದು ಕರ್ತನ ಮಾತೇ ಅಂತ ತಿಳಿದುಕೊಂಡೆ, ಎನ್ನುತ್ತಾನೆ ಯೆರೆಮೀಯ. ಆ “ಆಗ” ಎಂಬ ಪದದ ಮೇಲೆ ಬೆರಳಿಡಿ. ಪ್ರವಾದಿಗೇ ಪೂರ್ತಿ ಖಾತ್ರಿಯಾದದ್ದು ಒಳಗೆ ಕೇಳಿದ್ದಕ್ಕೆ ಹೊರಗಿನ ಸಂಗತಿ ಹೊಂದಿಕೊಂಡ ಮೇಲೆ. ನಮಗೆ ಮಾತ್ರ ನೊವೇನಾದ ಮೂರನೇ ದಿನವೇ ಖಾತ್ರಿಯಾಗಿರುತ್ತದೆ.

ಆಮೇಲೆ ಬರುವುದು ಕಾಗದಪತ್ರ. ಬೆಲೆ 17 ಶೆಕೆಲ್ ಬೆಳ್ಳಿ, ಇಂದಿನ ತೂಕದಲ್ಲಿ ಸುಮಾರು 200 ಗ್ರಾಮ್. ಪತ್ರ ಬರೆದ, ಮುದ್ರೆ ಹಾಕಿದ, ಸಾಕ್ಷಿಗಳನ್ನು ಕರೆಸಿದ, ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟ. ಪತ್ರ ಎರಡು ಪ್ರತಿ: ಒಂದು ಮುದ್ರೆ ಹಾಕಿ ಮುಚ್ಚಿದ್ದು, ಇನ್ನೊಂದು ತೆರೆದದ್ದು. ಎಲ್ಲರ ಎದುರು ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಪಾತ್ರೆಯಲ್ಲಿ ಇಡಿಸಿದ. ದೇವರೇ ಕೊಂಡುಕೋ ಅಂದ ಜಾಗಕ್ಕೂ ಸಾಕ್ಷಿಯ ರುಜು ಬಿಡಲಿಲ್ಲ.

ಅವನ ಪ್ರಾರ್ಥನೆ ಎಲ್ಲಿ ಬರುತ್ತದೆ? ಪತ್ರ ಕೊಟ್ಟಾದ ಮೇಲೆ, 16ನೇ ವಚನದಿಂದ. ಅದು ಧನ್ಯವಾದದ ಪ್ರಾರ್ಥನೆಯೂ ಅಲ್ಲ, ಅರ್ಧ ದೂರು. ಶತ್ರು ಗೋಡೆಯ ಬುಡಕ್ಕೆ ಮಣ್ಣಿನ ದಿಬ್ಬ ಹಾಕಿದ್ದಾನೆ, ಊರು ಕೈಬಿಟ್ಟು ಹೋಗುತ್ತಿದೆ, ಹೀಗಿರುವಾಗ ಹಣ ಕೊಟ್ಟು ಸಾಕ್ಷಿ ಹಾಕಿಸಿ ಹೊಲ ಕೊಂಡುಕೋ ಅಂತೀಯಲ್ಲ! ಹೂಡಿಕೆಯ ಲೆಕ್ಕದಲ್ಲಿ ಅದು ಶುದ್ಧ ನಷ್ಟ. ಈ ದೇಶದಲ್ಲಿ ಮತ್ತೆ ಮನೆ ಹೊಲ ಕೊಳ್ಳುವ ಕಾಲ ಬರುತ್ತದೆ ಅಂತ ಜನರಿಗೆ ತೋರಿಸಲು ಮಾಡಿದ ಖರೀದಿ ಅದು. ದೇವರು ನಡೆಸಿದರೆ ರೇಟು ಏರುತ್ತದೆ ಅಂತ ಭಾಷಣ ಮಾಡುವವರು ಈ ಅಧ್ಯಾಯವನ್ನು ಮೆಲ್ಲ ದಾಟಿ ಹೋಗುತ್ತಾರೆ.

ಆ ರಾತ್ರಿ ನನಗೆ ನೆನಪಾದದ್ದೂ ಇದೇ ಅಧ್ಯಾಯ. ಬಾವನಿಗೆ ಮತ್ತೆ ಫೋನ್ ಮಾಡಿ, ಆರ್‌ಟಿಸಿ (ಪಹಣಿ) ನೋಡಿದ್ದೀರಾ ಅಂತ ಕೇಳಿದೆ. “ಪ್ರಾರ್ಥನೆ ಕೇಳಿದ್ರೆ ನೀನು ಆರ್‌ಟಿಸಿ ಕೇಳ್ತಿ ಅಲ್ವಾ ಮಾರಾಯ!” ಅಂದರು. ಬೆಳಿಗ್ಗೆ ವಾಟ್ಸಾಪಿನಲ್ಲಿ ಕಳಿಸಿದರು. ಅದರಲ್ಲಿ ಇದ್ದದ್ದು ಇಪ್ಪತ್ತನಾಲ್ಕು ಸೆಂಟ್ಸ್. ಉಳಿದ ಎಂಟು ಕುಮ್ಕಿ. ಹೇಗೂ ತಲೆಮಾರಿನಿಂದ ನಮ್ಮ ಅನುಭವದಲ್ಲೇ ಉಂಟು ಅಂತ ಮಾರುವವರ ಮಾತು. ಬಾವಿ ಇದ್ದದ್ದು ಆ ಎಂಟರಲ್ಲಿ.

ಘಟ್ಟದ ಮೇಲಿನವರಿಗೆ ಒಂದು ಮಾತು. ಕುಮ್ಕಿ ಎಂದರೆ ವರ್ಗ ಜಾಗದ (ಹಕ್ಕುಪತ್ರ ಇರುವ ಖಾಸಗಿ ಜಾಗದ) ಸುತ್ತ ಸುಮಾರು 100 ಗಜದವರೆಗಿನ ಸರ್ಕಾರಿ ಜಾಗ. ವರ್ಗದಾರರಿಗೆ ಅಲ್ಲಿ ಸೊಪ್ಪು ಸೌದೆಯ ಸವಲತ್ತು ಇದೆ, ಮಾಲೀಕತ್ವ ಇಲ್ಲ. ಇದಲ್ಲದೆ ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಮೂಲಗೇಣಿ ಎಂಬ ಇನ್ನೊಂದು ತೊಡಕು ಇದೆ: ಮನೆ ನಿಮ್ಮದು, ನೆಲದ ಮೂಲ ಹಕ್ಕು ಇನ್ನೊಬ್ಬರದು. ಇವನ್ನೆಲ್ಲ ಋಣಭಾರ ಪತ್ರ, ಮೂಲಪತ್ರ, ಸರ್ವೆ ನಕ್ಷೆ ನೋಡಿಯೇ ತಿಳಿಯಬೇಕು. ಒಬ್ಬ ಒಳ್ಳೆಯ ವಕೀಲರಿಗೆ ಕೊಡುವ ಫೀಸನ್ನು ನಾನು ಪ್ರಾರ್ಥನೆಯ ಖರ್ಚಿಗೇ ಬರೆಯುತ್ತೇನೆ.

ಹತ್ತು ಸಾವಿರ ಡುಕಾಟಿನ ಮೂವರು

ಇದು ಅಕ್ಕನ ಮನೆಯ ಕಡೆಯಿಂದ ಬಂದ ಪಾಠ. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡ ಇಗ್ನೇಷಿಯಸ್ ಲೊಯೋಲಾ ಎಂಬ ಸ್ಪೇನಿನ ಯೋಧ ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಹೊತ್ತು ಹೋಗಲು ಎರಡು ಬಗೆಯ ಕನಸು ಕಾಣುತ್ತಿದ್ದ: ಒಂದು ಯುದ್ಧ, ಕೀರ್ತಿ, ಒಬ್ಬ ದೊಡ್ಡ ಮನೆತನದ ಹೆಣ್ಣು, ಇನ್ನೊಂದು ಸಂತರ ಹಾಗೆ ಬದುಕುವುದು. ಕಾಣುವಾಗ ಎರಡೂ ಸಿಹಿಯೇ. ಮುಗಿದ ಮೇಲೆ ಮೊದಲನೆಯದು ಬಾಯಿ ಒಣಗಿಸುತ್ತಿತ್ತು, ಎರಡನೆಯದರ ಸಂತೋಷ ಉಳಿಯುತ್ತಿತ್ತು. ಆ ವ್ಯತ್ಯಾಸ ಗಮನಿಸಿದ್ದರಿಂದಲೇ ಅವನ ಆಧ್ಯಾತ್ಮಿಕ ಸಾಧನೆಯ ಕ್ರಮ ಹುಟ್ಟಿತು. 1548ರಲ್ಲಿ ಪೋಪ್ ಮೂರನೇ ಪೌಲರು ಅದಕ್ಕೆ ಒಪ್ಪಿಗೆ ಕೊಟ್ಟರು. ಅವನು ಕಟ್ಟಿದ ಯೇಸುಸಭೆಯ (ಜೆಸುಯಿಟ್) ಗುರುಗಳು 1878ರಲ್ಲಿ ಮಂಗಳೂರಿಗೆ ಬಂದರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು. ಜೆಪ್ಪುವಿನ ಫಾತಿಮಾ ರಿಟ್ರೀಟ್ ಹೌಸಿನಲ್ಲಿ ಧ್ಯಾನಕೂಟಕ್ಕೆ ಕೂತು ಬಂದವರು ನಮ್ಮಲ್ಲಿ ಬೇಕಾದಷ್ಟು ಜನ.

ಅವನ ಧ್ಯಾನಗಳಲ್ಲಿ ಒಂದು ನೇರ ದುಡ್ಡಿನದೇ. ಮೂರು ಬಗೆಯ ಜನರಿಗೆ ತಲಾ ಹತ್ತು ಸಾವಿರ ಡುಕಾಟ್ ಚಿನ್ನದ ನಾಣ್ಯ ಸಿಕ್ಕಿದೆ ಎಂದುಕೊಳ್ಳಿ. ಕದ್ದದ್ದಲ್ಲ, ಆದರೆ ದೇವರಿಗಾಗಿಯೇ ಗಳಿಸಿದ್ದೂ ಅಲ್ಲ. ಮೂವರಿಗೂ ಆ ಹಣದ ಮೋಹ ಮನಸ್ಸಿನಲ್ಲಿ ಮುಳ್ಳಿನಂತೆ ಚುಚ್ಚುತ್ತಿದೆ. ಮೊದಲನೆಯವನು ಮೋಹ ಕಳಚಬೇಕು ಅನ್ನುತ್ತಲೇ ಸಾಯುವವರೆಗೂ ಏನೂ ಮಾಡುವುದಿಲ್ಲ. ಎರಡನೆಯವನಿಗೆ ಮೋಹವೂ ಹೋಗಬೇಕು, ಹಣವೂ ಉಳಿಯಬೇಕು; ತಾನು ನಿಂತಲ್ಲಿಗೆ ದೇವರೇ ಬರಲಿ ಅಂತ ಅವನ ಲೆಕ್ಕ. ಮೂರನೆಯವನು ಇಟ್ಟುಕೊಳ್ಳಲಿಕ್ಕೂ ತಯಾರು, ಬಿಡಲಿಕ್ಕೂ ತಯಾರು.

ಎರಡನೆಯವನನ್ನು ನಾನು ಚೆನ್ನಾಗಿ ಬಲ್ಲೆ. ಚೆಕ್ಕನ್ನು ಪ್ರಾರ್ಥನೆ ಪುಸ್ತಕದಲ್ಲಿ ಇಡುವವನು ಅವನು. ಸ್ಯಾಂಕ್ಷನ್ ಪತ್ರವನ್ನು ಪೀಠದ ಮುಂದೆ ಇಡುವವನೂ ಅವನೇ. ನನ್ನ ಮೊದಲ ಮನೆಯ ಸಾಲಕ್ಕೆ ನಾನು ಮಾಡಿದ ಪ್ರಾರ್ಥನೆಯೂ ಅಕ್ಷರಶಃ ಅವನದೇ.

ಇಗ್ನೇಷಿಯಸ್ ಕೇಳುವುದು ತಕ್ಕಡಿಯ ಮುಳ್ಳು ನಡುವೆ ನಿಂತ ಮನಸ್ಸನ್ನು. ಉದಾಸೀನವಲ್ಲ ಅದು, ಜಾಗ ಬೇಕು ಅನಿಸಬಾರದು ಅಂತ ಯಾರೂ ಹೇಳುತ್ತಿಲ್ಲ. ಬೇಕು ಎಂಬುದು ತಕ್ಕಡಿಯ ತಟ್ಟೆಯಲ್ಲಿ ಇರಲಿ, ತಕ್ಕಡಿ ಹಿಡಿದ ಕೈಯಲ್ಲಿ ಇರಬಾರದು. ಪ್ರಾರ್ಥನೆಯ ಮೊದಲ ಕೆಲಸ ಇದು ಅಂತ ನಾನು ನಂಬಿದ್ದೇನೆ: ಹಿಡಿತ ಸಡಿಲಿಸುವುದು. ಮನಸ್ಸು ಮೊದಲೇ ಒಪ್ಪಿಬಿಟ್ಟಿದ್ದರೆ ಆರ್‌ಟಿಸಿಯಲ್ಲಿ 24 ಅಂತ ಬರೆದದ್ದನ್ನು ಕಣ್ಣು 32 ಅಂತ ಓದುತ್ತದೆ. ಬಾವ ಆ ಕಾಗದವನ್ನು ಹದಿನೈದು ದಿನ ಮೊದಲೇ ನೋಡಿದ್ದರು.

ಮುಳ್ಳು ನಡುವೆ ಬಂತೋ ಇಲ್ಲವೋ ಅಂತ ಪರೀಕ್ಷಿಸಲು ಅವನ ಕೆಲವು ಉಪಾಯಗಳಿವೆ. ಲಾಭ ನಷ್ಟ ಎರಡೂ ಕಡೆ ಬರೆಯುವುದು, ಅದು ಎಲ್ಲರಿಗೂ ಗೊತ್ತು. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು: ಈವರೆಗೆ ನೋಡಿಯೇ ಇಲ್ಲದ ಒಬ್ಬ ಅಪರಿಚಿತ ಇದೇ ಸಮಸ್ಯೆ ಹಿಡಿದು ಬಂದಿದ್ದಾನೆ, ಅವನ ಒಳಿತನ್ನೇ ಬಯಸಿ ಏನು ಹೇಳುತ್ತೀ? ಮೇಜಿನ ಹಿಂದೆ ಕೂತು ನಾನು ಊರಿಗೆಲ್ಲ ಹೇಳಿದ ಬುದ್ಧಿ ನನಗೇ ಹೇಳಿಕೊಳ್ಳಲು ಆಗುತ್ತಿರಲಿಲ್ಲ. ಸಾಯುವ ಹೊತ್ತಿನಲ್ಲಿ ಯಾವ ತೀರ್ಮಾನ ಮಾಡಿದ್ದರೆ ಚೆನ್ನಾಗಿತ್ತು ಅನಿಸೀತು ಎಂಬುದು ಮತ್ತೊಂದು ಪ್ರಶ್ನೆ. ಅದನ್ನು ಕೇಳಿಕೊಂಡರೆ ಕಾರಿನ ಸಾಲಗಳು ಮೊದಲು ಬೀಳುತ್ತವೆ.

ಅವನ ಒಂದು ನಿಯಮವಂತೂ ಪ್ರತಿ ಸಾಲದ ಅರ್ಜಿಯ ಮೇಲೆ ಅಚ್ಚು ಹಾಕಿಸಬೇಕಾದದ್ದು. ಮನಸ್ಸು ಕುಸಿದಿರುವಾಗ, ಪ್ರಾರ್ಥನೆ ರುಚಿಸದಾಗ, ಮೊದಲು ಮಾಡಿದ ತೀರ್ಮಾನವನ್ನು ಬದಲಿಸಬೇಡ. ಸಾವಿನ ಮನೆಯ ಸೂತಕದಲ್ಲಿ ಅಪ್ಪನ ಜಾಗ ಮಾರುವವರು, ಕೆಲಸ ಹೋದ ವಾರವೇ ಇದ್ದ ಪಿಎಫ್ ತೆಗೆದು ಅಂಗಡಿ ಹಾಕುವವರು ಇದನ್ನು ಕೇಳಿಸಿಕೊಳ್ಳಬೇಕು. ಉಕ್ಕುವ ಮನಸ್ಸಿಗೂ ಅವನ ಎಚ್ಚರಿಕೆ ಇದೆ: ಭಕ್ತಿಯ ಆವೇಶದಲ್ಲಿ ಇರುವವನಿಗೆ ಅವಸರದ ಹರಕೆ ಹೊರಲು ಬಿಡಬಾರದು. ಸ್ತುತಿಗೀತೆ ಗಟ್ಟಿಯಾಗಿ ಕೇಳುವ ಕೂಟದಲ್ಲಿ “ಬಿತ್ತನೆಯ ಕಾಣಿಕೆ” ಅಂತ ಚೆಕ್ ಬರೆಸುವವರಿಗೆ ಈ ಸಾಲು ಹಿಡಿಸುವುದಿಲ್ಲ.

ಮನಸ್ಸಿಗೆ ಸಮಾಧಾನ ಸಿಕ್ಕಿತು, ಮತ್ತೇನು?

ನಮ್ಮ ಸಭೆಗಳ ಕಡೆ ಹೆಚ್ಚು ಕೇಳುವ ಮಾತು ಇದು. ಪ್ರಾರ್ಥಿಸಿದೆ, ಸಮಾಧಾನ ಬಂತು, ರುಜು ಹಾಕಿದೆ. ಫಿಲಿಪ್ಪಿಯವರಿಗೆ ಪೌಲ ಬರೆದ ಪತ್ರದ ನಾಲ್ಕನೇ ಅಧ್ಯಾಯದಲ್ಲಿ ಎಲ್ಲ ಗ್ರಹಿಕೆಯನ್ನು ಮೀರುವ ದೇವಶಾಂತಿಯ ಮಾತಿದೆ, ಅದನ್ನೇ ಹಿಡಿದುಕೊಳ್ಳುತ್ತಾರೆ. ಆದರೆ ಪೌಲ ಹೇಳುವುದು ಆ ಶಾಂತಿ ಹೃದಯವನ್ನು ಕಾಯುತ್ತದೆ ಅಂತ. ಕರಾರುಪತ್ರ ಓದುತ್ತದೆ ಅಂತ ಅಲ್ಲ.

ಯೋನನನ್ನು ನೋಡಿ. ದೇವರು ಪೂರ್ವಕ್ಕೆ ಹೋಗು ಅಂದರೆ ಪಶ್ಚಿಮಕ್ಕೆ ಹೋಗುವ ಹಡಗಿಗೆ ಕೈಯಿಂದ ಬಾಡಿಗೆ ಕೊಟ್ಟು ಹತ್ತಿದ. ಬಿರುಗಾಳಿ ಎದ್ದು ನಾವಿಕರು ಸರಕು ಎಸೆಯುತ್ತಿರುವಾಗ ಅವನು ಕೆಳಗಿನ ತಳದಲ್ಲಿ ಗಾಢ ನಿದ್ದೆಯಲ್ಲಿದ್ದ. ಅವನಿಗಿಂತ ಸಮಾಧಾನಿ ಆ ಹಡಗಿನಲ್ಲಿ ಇರಲಿಲ್ಲ. ಇತ್ತ ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಸಾಯುವಷ್ಟು ದುಃಖಪಟ್ಟು, ಈ ಪಾತ್ರೆ ದಾಟಿ ಹೋಗಲಿ ಅಂತ ಬೇಡಿದ, ಆದರೂ ನಿನ್ನ ಚಿತ್ತದಂತೆ ಆಗಲಿ ಅಂದ. ದಾರಿ ತಪ್ಪಿದವನಿಗೆ ನಿದ್ದೆ ಬಂತು, ಸರಿದಾರಿಯಲ್ಲಿದ್ದವನು ಬೆವರಿದ. ದೊಡ್ಡ ಸಾಲಕ್ಕೆ ರುಜು ಹಾಕುವ ಹಿಂದಿನ ರಾತ್ರಿ ಹೊಟ್ಟೆ ತೊಳಸುವುದು ದೇವರು ಬೇಡ ಅಂದದ್ದಕ್ಕೆ ಗುರುತಲ್ಲ. ಅರಾಮಾಗಿ ನಿದ್ದೆ ಬಂದದ್ದು ಹೂಂ ಅಂದದ್ದಕ್ಕೂ ಗುರುತಲ್ಲ.

ಹಾಗಾಗಿ ಬೇರೆಯವರ ಕಿವಿ ಬೇಕು. ಆಲೋಚನೆ ಹೇಳುವವರಿಲ್ಲದೆ ಉದ್ದೇಶ ಕೆಡುತ್ತದೆ, ಬಹುಮಂದಿಯ ಆಲೋಚನೆಯಿಂದ ಈಡೇರುತ್ತದೆ ಎಂಬುದು ಜ್ಞಾನೋಕ್ತಿ 15:22. ಆ ಬಹುಮಂದಿಯಲ್ಲಿ ಹೆಂಡತಿ ಇರಲೇಬೇಕು. ಬೇಡ ಅನ್ನುವ ಒಬ್ಬರಾದರೂ ಇರಬೇಕು. ಜಾಗದ ಬ್ರೋಕರು, ಕಟ್ಟುವ ಬಿಲ್ಡರು, ಸಾಲ ಕೊಡುವ ನಾನು, ಈ ಮೂವರ ಆಲೋಚನೆ ಆ ಲೆಕ್ಕಕ್ಕೆ ಬರುವುದಿಲ್ಲ.

ಪ್ರಾರ್ಥನಾ ಕೂಟದಲ್ಲೇ ಬರುವ ಸ್ಕೀಮುಗಳ ಬಗ್ಗೆ ಬೇರೆಯೇ ಎಚ್ಚರ ಬೇಕು. “ನಮ್ಮ ವಾಳೆಯ ಗುರ್ಕಾರರೇ (ಚರ್ಚಿನ ವಾರ್ಡಿನ ಮುಖಂಡರೇ) ಹಾಕಿದ್ದಾರೆ” ಎಂಬುದು ಲೆಕ್ಕಪತ್ರವಲ್ಲ. ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಬ್ಯಾಂಕಲ್ಲದ ಕ್ರೆಡಿಟ್ ಸಹಕಾರಿ ಸಂಘದಲ್ಲಿ ಇಟ್ಟದ್ದಕ್ಕೆ ಆ ವಿಮೆ ಇಲ್ಲ. ನನ್ನದೇ ಸಂಸ್ಥೆ ಅಂಥದ್ದು. ಕೇಳಿದವರಿಗೆ ಹೇಳುತ್ತಿದ್ದೆ, ಕೇಳಿದವರು ಕಡಿಮೆ.

ಮತ್ತೆ ಜಾಮೀನು. ಮನೆ ಕೊಳ್ಳಲು ನಲವತ್ತು ದಿನ ಪ್ರಾರ್ಥಿಸುವವರು ಗೆಳೆಯನ ಸಾಲಕ್ಕೆ ಜಾಮೀನು ಹಾಕಲು ನಲವತ್ತು ಸೆಕೆಂಡ್ ಯೋಚಿಸುವುದಿಲ್ಲ. 1872ರ ಕರಾರು ಕಾಯಿದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಜ್ಞಾನೋಕ್ತಿ 6ನೇ ಅಧ್ಯಾಯ ಇನ್ನೂ ಖಾರ: ಜಾಮೀನಿನ ಮಾತಿಗೆ ಸಿಕ್ಕಿಬಿದ್ದಿದ್ದರೆ ಕಣ್ಣಿಗೆ ನಿದ್ದೆ ಕೊಡದೆ ಹೋಗಿ, ಬಲೆಯಿಂದ ಜಿಂಕೆ ತಪ್ಪಿಸಿಕೊಳ್ಳುವಂತೆ ತಪ್ಪಿಸಿಕೋ. ನಾನು ಕಳಿಸಿದ ನೋಟಿಸುಗಳಲ್ಲಿ ಅತ್ತುಕೊಂಡು ಬಂದವರು ಹೆಚ್ಚಾಗಿ ಜಾಮೀನುದಾರರು. ಸಾಲಗಾರರಿಗೆ ವಿಷಯ ಮೊದಲೇ ಗೊತ್ತಿರುತ್ತದಲ್ಲ.

ಕೂತು ಲೆಕ್ಕ ಹಾಕುವುದು

ಗೋಪುರ ಕಟ್ಟಬೇಕೆಂದಿರುವವನು ಮೊದಲು ಕೂತು, ಮುಗಿಸಲು ಸಾಕಷ್ಟು ಇದೆಯೋ ಅಂತ ಖರ್ಚನ್ನು ಲೆಕ್ಕ ಮಾಡುವುದಿಲ್ಲವೇ ಎಂದು ಯೇಸು ಕೇಳಿದ್ದು ಲೂಕ 14ರಲ್ಲಿ. ತನ್ನ ಹಿಂದೆ ಬರುವುದರ ಬೆಲೆ ಹೇಳಲು ಕೊಟ್ಟ ಹೋಲಿಕೆ ಅದು. ಆದರೆ ಹೋಲಿಕೆಗೆ ಆರಿಸಿದ್ದು ಲೆಕ್ಕದ ಪುಸ್ತಕವನ್ನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಪ್ರೊಟೆಸ್ಟಂಟ್ ಮಿಷನರಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಪ್ರಾರ್ಥನೆ ಕಲಿಸಿದ ಅದೇ ಜನ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು, ಒಂದೊಂದು ಹಂಚಿನ ಲೆಕ್ಕವನ್ನೂ ಇಟ್ಟರು. ನನ್ನಜ್ಜನ ಮನೆಯಲ್ಲಿ ಬೈಬಲೂ ಖರ್ಚಿನ ಪುಸ್ತಕವೂ ಒಂದೇ ಕಪಾಟಿನಲ್ಲಿ ಇರುತ್ತಿದ್ದವು.

ಕೂತು ಮಾಡುವ ಲೆಕ್ಕ ಹೀಗೆ: 40 ಲಕ್ಷ ಸಾಲ, ವರ್ಷಕ್ಕೆ 8.5 ಶೇಕಡಾ ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 34,700 ರೂಪಾಯಿ. ಬಡ್ಡಿ ಬದಲಾಗದಿದ್ದರೆ ಒಟ್ಟು ಕಟ್ಟುವುದು 83 ಲಕ್ಷಕ್ಕೂ ಮೇಲೆ. ತೆಗೆದುಕೊಂಡದ್ದಕ್ಕಿಂತ ಬಡ್ಡಿಯೇ ಹೆಚ್ಚು. ಆರು ತಿಂಗಳು ಸಂಬಳ ಬರದಿದ್ದರೆ ಈ 34,700 ಎಲ್ಲಿಂದ ಬರುತ್ತದೆ? ಈ ಪ್ರಶ್ನೆಯನ್ನು ಗಂಡ ಹೆಂಡತಿ ಇಬ್ಬರೂ ಒಂದೇ ಮೇಜಿನಲ್ಲಿ ಕೂತು, ಗಟ್ಟಿಯಾಗಿ, ದೇವರ ಎದುರಿಗೆ ಓದಬೇಕು. “ಕರ್ತನೇ, ನಮ್ಮಲ್ಲಿ ಇರುವುದು ಇಷ್ಟು” ಅಂತ ಮೊತ್ತ ಹೇಳಿ ಪ್ರಾರ್ಥಿಸುವವರನ್ನು ನಾನು ಕಂಡದ್ದು ತೀರಾ ಕಡಿಮೆ. ಮೊತ್ತ ಹೇಳಲು ನಮಗೆ ನಾಚಿಕೆ, ದೇವರ ಹತ್ತಿರವೂ.

ಕರ್ತನ ಪ್ರಾರ್ಥನೆಗೆ ಆ ನಾಚಿಕೆ ಇಲ್ಲ. ಅನುದಿನದ ಆಹಾರ ಕೇಳಿದ ಮರುಸಾಲಿನಲ್ಲೇ ಸಾಲ ಬರುತ್ತದೆ. ನಾವು ಕನ್ನಡದಲ್ಲಿ “ತಪ್ಪುಗಳನ್ನು ಕ್ಷಮಿಸು” ಎನ್ನುತ್ತೇವೆ, ಮತ್ತಾಯನ ಗ್ರೀಕ್ ಮೂಲದಲ್ಲಿ ಇರುವ ಪದದ ನೇರ ಅರ್ಥ ಸಾಲ, ಕೊಡಬೇಕಾದ ಬಾಕಿ. ಅದು ತಿಳಿದ ಮೇಲೆ ಆ ಸಾಲನ್ನು ನಾನು ನನ್ನ ಹಳೆಯ ಮೇಜನ್ನು ನೆನೆಯದೆ ಹೇಳಿದ್ದಿಲ್ಲ.

ಬಾವ ಟೋಕನ್ ಕೊಡಲಿಲ್ಲ. ಬೇಡ ಅಂತಲೂ ಹೇಳಲಿಲ್ಲ. ಸರ್ವೆ ಮಾಡಿಸಿ, ಇಪ್ಪತ್ತನಾಲ್ಕು ಸೆಂಟ್ಸಿಗೆ ಮಾತ್ರ ರೇಟು ಮಾತಾಡುವ ಅಂದರು; ಸರ್ವೆಯವರು ಮಳೆ ಬಿಟ್ಟ ಮೇಲೆ ಬರುತ್ತಾರಂತೆ. ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬದ, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬದ, ಹೊಸ ಅಕ್ಕಿಯ ಊಟಕ್ಕೆ ಹೋಗಿದ್ದೆ. ಪ್ರಾರ್ಥನೆಗೆ ಅಂತ ಅಕ್ಕ ಪುಸ್ತಕ ತೆರೆದಾಗ ಕವರು ಅಲ್ಲೇ ಇತ್ತು. ಚೆಕ್ಕಿಗೆ ಮೂರು ತಿಂಗಳು ಕಳೆದಿತ್ತು, ಇನ್ನು ಅದು ಬರೀ ಕಾಗದ. ಬಾವ ಅದನ್ನು ತೆಗೆದು ಪಕ್ಕಕ್ಕಿಟ್ಟು ಕಣ್ಣುಮುಚ್ಚಿದರು. “ದೇವಾ, ಆ ಜಾಗ ಕೊಟ್ರೂ ಸರಿ, ಕೊಡದಿದ್ರೂ ಸರಿ” ಅಂದರು. ಎರಡನೆಯದನ್ನು ಸ್ವಲ್ಪ ಮೆಲ್ಲಗೆ.